ಕುರಿಯಿಲ್ಲದ ಕುರಿದೊಡ್ಡಿ

ಕೋಡಿಹಳ್ಳಿ ದಾಟಿ ಹೊಳೆಯ ಕಡೆಗೆ ಇಳಿಯುತ್ತಾ ಹೋದರೆ ಆ ಕಾಲದಲ್ಲಿ ಊರು ಅನ್ನುವುದು ಅಲ್ಲಿಗೇ ಮುಗಿದುಹೋಗುತ್ತಿತ್ತು. ಈಗ ಕನಕಪುರ ಅನ್ನುವ ಪೇಟೆಗೆ ಆಗ ಕಾನಕಾನಹಳ್ಳಿ ಎಂದು ಹೆಸರು. ಅಲ್ಲಿಯ ಸಂತೆಗೆ ಬರುವ ಹೆಂಗಸರು ಹೊಳೆಸೀಮೆ ಎಂದರೆ ಮೂಗು ಮುರಿಯುತ್ತಿದ್ದರು, ಅದೇನು ಹೆಣ್ಣು ಕೊಡುವ ಜಾಗವೇ ಅಂತ. ಕೋಡಿಹಳ್ಳಿಯಿಂದ ಆಚೆಗೆ ಇದ್ದದ್ದು ಬರೀ ದೊಡ್ಡಿಗಳು. ಕಾರೆಮುಳ್ಳು, ಬಿದಿರುಮುಳ್ಳು ಒತ್ತಿ ಕಟ್ಟಿದ ದುಂಡನೆ ಬೇಲಿ, ಅದರೊಳಗೆ ದನ, ಬೇಲಿಗೆ ಒರಗಿದ ಹಾಗೆ ಒಂದು ಗುಡಿಸಲು, ಗುಡಿಸಲ ಮುಂದೆ ಆರದ ಹಾಗೆ ಕಾಯುವ ಒಂದು ಬೆಂಕಿ. ಇಷ್ಟಕ್ಕೇ ದೊಡ್ಡಿ ಅನ್ನುತ್ತಿದ್ದರು. ಒಂದು ದೊಡ್ಡಿಯ ಹೊಗೆ ಇನ್ನೊಂದಕ್ಕೆ ಕಾಣುತ್ತಿರಲಿಲ್ಲ. ನಡುವೆ ಕಗ್ಗಲಿ, ಆಲೆ, ಬಿದಿರುಮೆಳೆ, ಬಂಡೆ. ಕೆಳಗೆ ಕಾವೇರಿ. ಹೊಳೆಯ ಆಚೆ ದಡ ಬೇರೆ ಸರ್ಕಾರದ್ದು, ಕೊಳ್ಳೇಗಾಲದ ಸೀಮೆ. ಈಚೆ ದಡ ಮೈಸೂರು ಮಹಾರಾಜರದ್ದು. ದನಕ್ಕೆ ಎರಡೂ ಒಂದೇ.

ದೊಡ್ಡಿಗೆ ಅದನ್ನು ಕಟ್ಟಿದ ಗಂಡಸಿನ ಹೆಸರು. ಬೈರಮ್ಮನ ಗಂಡ ಕಟ್ಟಿದ್ದು ಮರಿಯಪ್ಪನ ದೊಡ್ಡಿ. ಎಲ್ಲರ ಬಾಯಲ್ಲೂ ಅದು ಮರಿಯಪ್ಪನ ದೊಡ್ಡಿಯೇ. ಬೈರಮ್ಮನ ಬಾಯಲ್ಲಿ ಮಾತ್ರ ಅದು "ನಮ್ಮ ದೊಡ್ಡಿ".

ಬೈರಮ್ಮ ಹುಟ್ಟಿದ್ದು ಚನ್ನಪಟ್ಟಣದ ಹತ್ತಿರದ ಹೊಂಗನೂರಿನಲ್ಲಿ. ಕೆರೆ, ಗದ್ದೆ, ಹಿಪ್ಪುನೇರಳೆ ತೋಟ, ಮನೆಗೆ ಮನೆ ಅಂಟಿಕೊಂಡ ಬೀದಿ. ರೇಷ್ಮೆಹುಳು ಸೊಪ್ಪು ಮೇಯುವ ಸದ್ದು ಕೇಳಿಕೊಂಡೇ ಮಲಗಿ ಬೆಳೆದವಳು. ಅವಳ ಅಪ್ಪನಿಗೆ ಹೆಣ್ಣುಮಕ್ಕಳು ಹೆಚ್ಚು. ದನ ಇದ್ದವನ ಮನೆಯಲ್ಲಿ ಮಜ್ಜಿಗೆಗೆ ಬರವಿಲ್ಲ ಅಂತ ಹೇಳಿ ಅವಳನ್ನು ಹೊಳೆಸೀಮೆಗೆ ಕೊಟ್ಟ. ಗಾಡಿ ಹತ್ತಿಸುವಾಗ ಅವ್ವ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು.

"ಗಂಡನ ಎಸ್ರು ಬಾಯಿಂದ ಆಡ್ಬೇಡ ಕಣಮ್ಮಿ. ಎಂಡ್ತಿ ಆಡಿದಷ್ಟೂವೆ ಅವನ ಆಯಸ್ಸು ಸವೀತದೆ."

ಇದು ಬೈರಮ್ಮನಿಗೆ ಹೊಸದಾಗಿ ಹೇಳಬೇಕಾದ್ದೇನೂ ಅಲ್ಲ. ಅವ್ವ ಅಪ್ಪನ ಹೆಸರು ಹೇಳಿದ್ದನ್ನು ಅವಳೆಂದೂ ಕೇಳಿರಲಿಲ್ಲ. ಅಪ್ಪನ ಹೆಸರು ಕೆಂಚಯ್ಯ ಅಂತ ಇದ್ದುದರಿಂದ ಅವ್ವ ಕೆಂಚು ಬಣ್ಣದ ಹಸುವನ್ನೂ ಕೆಂಚಿ ಅನ್ನದೆ 'ಆ ಬೆಂಕಿ ಬಣ್ಣದ್ದು' ಅನ್ನುತ್ತಿದ್ದಳು.

ಗಂಡನ ಕಡೆಯವರ ಮನೆ ಇದ್ದದ್ದು ಹುಣಸನಹಳ್ಳಿಯಲ್ಲಿ. ಹೊಸಿಲು ದಾಟುವ ಮುಂಚೆ ಹೆಂಗಸರು ಅಡ್ಡಗಟ್ಟಿದರು.

"ಯಾರ ಮನೆಗೆ ಬಂದಿದ್ದೀಯೆ? ಎಸ್ರು ಯೋಳಿ ಒಳೀಕೆ ಬಾ."

ಬೈರಮ್ಮ ಒಸಿ ಹೊತ್ತು ನಿಂತು ಯೋಚನೆ ಮಾಡಿದಳು. ಆಮೇಲೆ ತಲೆ ತಗ್ಗಿಸಿಕೊಂಡೇ ಕೇಳಿದಳು, "ಕುರಿ ಈದ್ರೆ ಏನ್ ಬತ್ತದೆ?"

"ಮರಿ ಬತ್ತದೆ."

"ಅದುನ್ನೇ ಅಪ್ಪ ಅಂತ ಕರ್ಕೊಳಿ."

ಹೆಂಗಸರು ಬಿದ್ದು ಬಿದ್ದು ನಕ್ಕರು. "ಅಯ್ಯಯ್ಯಪ್ಪ, ಕುರಿ ಎಂಡ್ತಿ ಬಂದವ್ಳೆ, ಆರತಿ ತತ್ತಾರೆ" ಎಂದು ಒಳಗೆ ಬಿಟ್ಟರು. ಅಂದಿನಿಂದ ಯಾರು ಕೇಳಿದರೂ ಬೈರಮ್ಮ ಗಂಡನ ಹೆಸರನ್ನು ಕುರಿಯ ಮೇಲೆ ಹಾಕಿಯೇ ಹೇಳುತ್ತಿದ್ದಳು. ಗಂಡನನ್ನು ಕರೆಯಬೇಕಾದರೆ "ಇಲ್ ನೋಡಿ" ಅನ್ನುವುದು, ದೂರದಲ್ಲಿದ್ದರೆ ಸೌಟಿನಿಂದ ತಂಬಿಗೆ ಬಡಿಯುವುದು. ಕಾಡಿನಲ್ಲಿ ತಂಬಿಗೆ ಸದ್ದು ಬಹಳ ದೂರ ಹೋಗುತ್ತದೆ.

ದೊಡ್ಡಿಯ ಬದುಕು ಒಂದೇ ಥರ. ಕತ್ತಲು ಹರಿಯುವಾಗ ಹಾಲು ಕರೆಯುವುದು, ಬಿಸಿಲು ಏರುವಾಗ ದನ ಬಿಡುವುದು, ಮೊಸರು ಕಡೆಯುವುದು, ಬೆಣ್ಣೆ ಕಾಯಿಸುವುದು, ಸಗಣಿ ಬಾಚಿ ಗುಡ್ಡೆ ಹಾಕುವುದು, ಬೇಲಿಯಲ್ಲಿ ಕಂಡಿ ಬಿದ್ದಿದ್ದರೆ ಮುಳ್ಳು ತುರುಕುವುದು. ಬೇಸಿಗೆ ಬಂತೆಂದರೆ ಸಾತನೂರಿನ ಕಡೆಯಿಂದ ಗಾಡಿಗಳು ಬಂದು ಗೊಬ್ಬರ ಹೇರಿಕೊಂಡು ಹೋಗುತ್ತಿದ್ದವು, ಬದಲಿಗೆ ರಾಗಿ ಸುರಿದು ಹೋಗುತ್ತಿದ್ದವು. ಊರಿನವರು ತಮ್ಮ ದನಗಳನ್ನೂ ಮರಿಯಪ್ಪನ ಹತ್ತಿರ ಮೇಯಲು ಬಿಡುತ್ತಿದ್ದರು. ಹೋರಿಕರುಗಳು ಬೆಳೆದ ಮೇಲೆ ಉಳುವವರು ಬಂದು ಹೊಡೆದುಕೊಂಡು ಹೋಗುತ್ತಿದ್ದರು. ತುಪ್ಪಕ್ಕೆ ಬರುತ್ತಿದ್ದವರು ಚನ್ನಪಟ್ಟಣದ ವಹಾಬ್ ಸಾಬರು. ಒಂದು ಎತ್ತಿನ ಮೇಲೆ ತುಪ್ಪ ತುಂಬುವ ತೊಗಲಿನ ಸಿದ್ದೆ, ಉಪ್ಪು, ಹೊಗೆಸೊಪ್ಪು. ಇನ್ನೊಂದರ ಮೇಲೆ ಗೊಂಬೆ ಮಾಡುವವರಿಗೆ ಬೇಕಾದ ಆಲೆಮರದ ತುಂಡು. ಸಾಬರು ಬಂದ ದಿನ ಬೈರಮ್ಮನಿಗೆ ಗಂಡನದಲ್ಲದ ಇನ್ನೊಂದು ಮನುಷ್ಯ ದನಿ ಕಿವಿಗೆ ಬೀಳುತ್ತಿತ್ತು. ಇಲ್ಲವಾದರೆ ಗಂಗಹನುಮಯ್ಯನ ದೊಡ್ಡಿಗೆ ಹೋಗಬೇಕು. ಅದು ಹೊಳೆಯ ದಂಡೆ ಹಿಡಿದು ಅರ್ಧ ಹೊತ್ತಿನ ದಾರಿ. ಗಂಗಹನುಮಯ್ಯನ ಹೆಂಡತಿ ಕಾವೇರಮ್ಮ ಬಾಯಿ ತೆರೆದರೆ ಮುಚ್ಚುವವಳಲ್ಲ, ಅದರಿಂದ ಹೋದದ್ದಕ್ಕೆ ನಷ್ಟವಿರಲಿಲ್ಲ.

ಬೈರಮ್ಮ ಎರಡು ಹೆತ್ತಳು. ಎರಡೂ ಉಳಿಯಲಿಲ್ಲ. ಕಾಡುಜ್ವರ ಅಂದರು.

ಕನ್ನಂಬಾಡಿಯಲ್ಲಿ ಕಟ್ಟೆ ಏಳುತ್ತಿದ್ದ ಕಾಲ. ಆ ವರ್ಷ ಆಷಾಢದಲ್ಲಿ ಹೊಳೆ ಬಂದ ಹಾಗೆ ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ. ದಂಡೆಯ ಹೊಳೆಮತ್ತಿ ಮರಗಳು ಬೇರು ಮೇಲಾಗಿ ತೇಲಿಹೋದವು. ಗುಡಿಸಲುಗಳ ಸೂರು ಸೂರೇ ಬಂದವು, ಅದರ ಮೇಲೆ ಕೂತ ಕೋಳಿ ಸಮೇತ. ಮರಿಯಪ್ಪನ ಕಡಸುಗಳು ಕೆಲವು ಹೊಳೆ ನಡುವಿನ ತಿಟ್ಟಿನಲ್ಲಿ ಸಿಕ್ಕಿಬಿದ್ದಿದ್ದವು. ಅವನು ದೊಡ್ಡ ಹೋರಿಯನ್ನು ನೀರಿಗಿಳಿಸಿ ಅದರ ಬಾಲ ಹಿಡಿದ. ದನ ಕಾಯುವವರು ಹೊಳೆ ದಾಟುವುದು ಹಾಗೆಯೇ, ಹೊಸದೇನಲ್ಲ. ಬೈರಮ್ಮ ದಂಡೆಯ ಮೇಲೆ ನಿಂತು ನೋಡುತ್ತಿದ್ದಳು. ಹೋರಿಯ ಕೊಂಬು ಕಾಣುತ್ತಿತ್ತು, ಅದರ ಹಿಂದೆ ಕರೀ ತಲೆ ಕಾಣುತ್ತಿತ್ತು. ಒಂದು ಮರ ತಿರುಗುತ್ತಾ ಬಂತು. ಅದು ಹೋದ ಮೇಲೂ ಕೊಂಬು ಕಾಣುತ್ತಿತ್ತು.

ಬೈರಮ್ಮ ತಂಬಿಗೆ ಬಡಿದಳು. ಆ ನೀರಿನ ಅಬ್ಬರದಲ್ಲಿ ತಂಬಿಗೆ ಸದ್ದು ಅವಳಿಗೇ ಕೇಳಿಸಲಿಲ್ಲ. ಕೂಗಬೇಕೆಂದರೆ ಹೆಸರು ಹಿಡಿದು ಕೂಗಬೇಕು. ಬಾಯಿ ಬರಲಿಲ್ಲ.

ಹೊಳೆ ಇಳಿದ ಮೇಲೆ ಹೋರಿ ವಾಪಸ್ಸು ಬಂತು. ಕೆಳಗೆಲ್ಲೋ ದಡ ಹತ್ತಿ, ತಾನಾಗಿ ದಾರಿ ಹುಡುಕಿಕೊಂಡು, ಮೈಯೆಲ್ಲಾ ಗೀರಿಸಿಕೊಂಡು ಬಂತು. ಬೈರಮ್ಮ ಬೇಲಿಯ ಬಾಗಿಲು ತೆಗೆದು ಒಳಗೆ ಬಿಟ್ಟಳು. ಗೀರಿಗೆ ಬೇವಿನೆಣ್ಣೆ ಹಚ್ಚಿದಳು.

ಗಂಗಹನುಮಯ್ಯ, ಬೆಸ್ತರ ಕಡೆಯವರು ಎಲ್ಲ ಸೇರಿ ಹೊಳೆಗುಂಟ ಹುಡುಕಿದರು. ಏನೂ ಸಿಕ್ಕಲಿಲ್ಲ. ಆದರೆ ಹೀಗೆ ಕೊಚ್ಚಿಹೋದವರು ಆಚೆ ದಡ ಸೇರಿ, ದಸರಾ ಹೊತ್ತಿಗೆ ನಡೆದುಕೊಂಡು ಬಂದದ್ದೂ ಉಂಟು. ಮುತ್ತತ್ತಿ ಕಡೆಯವನೊಬ್ಬ ಹಾಗೆ ಬಂದಿದ್ದ, ಅವನ ಮನೆಯಲ್ಲಿ ತಿಥಿಯೂ ಮುಗಿದುಹೋಗಿತ್ತು. ಅದರಿಂದ ಮರಿಯಪ್ಪ ಸತ್ತ ಅಂತ ಯಾರೂ ಬೈರಮ್ಮನ ಎದುರಿಗೆ ಹೇಳಲಿಲ್ಲ. ದಸರಾ ಕಳೆಯಿತು, ಸಂಕ್ರಾಂತಿ ಕಳೆಯಿತು.

ಅವಳು ಅಳಲೂ ಇಲ್ಲ. ಕಾವೇರಮ್ಮ ಬಂದು ಎರಡು ದಿನ ಇದ್ದು, ಅಳಿಸಲು ನೋಡಿ, ಸಾಕಾಗಿ ಹೋದಳು. ಬೈರಮ್ಮ ಹಾಲು ಕರೆದಳು, ಕಡೆದಳು, ಸಗಣಿ ಬಾಚಿದಳು. ಊಟಕ್ಕೆ ಕೂತರೆ ಮುದ್ದೆ ಮುರಿಯುವುದು ಮರೆತು ಕೂತಿರುತ್ತಿದ್ದಳು, ನಾಯಿ ಬಂದು ಮೂಸಿದಾಗ ಎಚ್ಚರವಾಗುತ್ತಿತ್ತು. ಚಳಿಯಲ್ಲಿ ಕೈ ಮರಗಟ್ಟಿದಾಗ ಬೆಂಕಿ ತಾಕಿದರೂ ಗೊತ್ತಾಗುವುದಿಲ್ಲವಲ್ಲ, ಅವಳಿಗೆ ಮೈಯೆಲ್ಲಾ ಹಾಗೇ ಆಗಿತ್ತು. ಹುಣಸನಹಳ್ಳಿಯವರು ಬಂದು ಕರೆದರು, "ಅಲ್ಲೇನ್ ಒಬ್ಳೇ ಇದ್ದೀಯೆ, ಊರಿಗೆ ಬಂದ್ಬುಡು" ಅಂತ. ಅವಳು ಹೋಗಲಿಲ್ಲ. ಹೊಳೆಗೆ ಹೋದವರು ಬಂದರೆ ಬರುವುದು ದೊಡ್ಡಿಗೆ. ದೊಡ್ಡಿ ಇಲ್ಲದಿದ್ದರೆ ಅವರು ಎಲ್ಲಿಗೆ ಬರಬೇಕು?

ಮುಂದಿನ ಬೇಸಿಗೆ ಮುಗಿಯುತ್ತಾ ಬಂದಿತ್ತು. ಮೊದಲ ಮಳೆ ಮೋಡ ಕಟ್ಟಿದ ಒಂದು ಮಧ್ಯಾಹ್ನ ಕಾಡಿನ ಗಾರ್ಡು ಬಂದ. ಹೊಸಬ, ಎಲ್ಲೋ ಮೇಲುಸೀಮೆಯವನು. ಬೆವರು, ಅವಸರ, ಮೇಲೆ ಗುಡುಗು, ಕೆಳಗೆ ನಾಯಿಯ ಬೊಗಳು. ಬೇಲಿಯ ಆಚೆಯೇ ನಿಂತು ಕೂಗಿದ.

"ಏ ಅಮ್ಮ, ನಾಯಿ ಹಿಡಿಯಮ್ಮ! ಯಾವ ದೊಡ್ಡಿ ಇದು?"

"ನಮ್ದೇ ಸ್ವಾಮಿ."

"ಎಲ್ಲರದೂ ಅವರವರದೇ. ಹೆಸರೇನು ದೊಡ್ಡಿಗೆ?"

ಬೈರಮ್ಮ ನಾಯಿಯ ಕತ್ತು ಹಿಡಿದುಕೊಂಡೇ ಹೇಳಿದಳು, "ಕುರಿ ಈತದಲ್ಲಾ ಸ್ವಾಮಿ, ಅದೇಯ."

"ಕುರಿಯಾ?"

"ಊಂ, ಅದು ಈಯೋದು."

"ಕುರಿ ಈಯೋದು. ಸರಿ. ಒಂದು ಚೊಂಬು ಮಜ್ಜಿಗೆ ಕೊಡಮ್ಮ ತಾಯಿ, ನಾಲಿಗೆ ಒಣಗಿ ಹೋಯ್ತು."

ಮಜ್ಜಿಗೆ ಕುಡಿದು ಹನಿ ಬೀಳುವ ಮುಂಚೆ ಹೊರಟುಹೋದ. ದನಗಳು ಮೇಯಲು ಹೋಗಿದ್ದವು, ದೊಡ್ಡಿಯಲ್ಲಿ ಕಟ್ಟಿದ್ದ ಕರುಗಳನ್ನೂ ಅವನು ಬಗ್ಗಿ ನೋಡಲಿಲ್ಲ.

ಕೆಲವು ದಿನ ಕಳೆದು ಗಂಗಹನುಮಯ್ಯ ಏದುಸಿರು ಬಿಡುತ್ತಾ ಬಂದ.

"ಏನಮ್ಮಿ, ಕುರಿ ಸಾಕ್ಕಂಡಿದ್ದೀಯಂತೆ? ನಮ್ಗೆ ಒಂದು ಬಾಡೂಟಾನೂ ಇಲ್ವಲ್ಲ!"

"ಯಾವ ಕುರಿ ಮಾವ?"

"ಚೌಕಿ ತಾವ ರೇಂಜರ್ ದೊರೆ ಬಂದವ್ರೆ. ಕಾಡಿಗೆ ಹೊಸಾ ಗೆರೆ ಎಳೀತವ್ರಂತೆ. ದನದ ದೊಡ್ಡಿ ಇರ್ಲಿ, ಕುರಿ ಮೇಕೆ ದೊಡ್ಡಿ ಎಲ್ಲಾನೂ ಮಳೆ ಹಿಡಿಯೋದ್ರೊಳಗೆ ಕಿತ್ತಾಕ್ಬೇಕು, ಸಸಿ ಎಲ್ಲಾ ತಿಂದಾಕ್ತವೆ ಅಂತ. ನಿಂದು ಕುರಿದೊಡ್ಡಿ ಅಂತ ಕೂಗಿದ್ರು. ನಾನೇ ಬೆಚ್ಚಿಬಿದ್ದೆ."

ಬೈರಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. ತಾನು ಗಾರ್ಡಿಗೆ ಹೇಳಿದ ಮಾತನ್ನು ಹೇಳಿದಳು. ಗಂಗಹನುಮಯ್ಯ ಹಣೆ ಚಚ್ಚಿಕೊಂಡ.

"ಅವ್ನಿಗೇನ್ ಗೊತ್ತು ಒಗಟು ಪಗಟು! ನಡಿ, ಹೋಗಿ ಬಿಡಿಸಿ ಹೇಳಾನ."

ಕಾಡಿನವರ ಚೌಕಿ ಇದ್ದದ್ದು ಎರಡು ಹೊಳೆ ಕೂಡುವ ಸಂಗಮದ ಮೇಲಿನ ದಿಣ್ಣೆಯಲ್ಲಿ. ಹುಣಸೆಮರದ ಕೆಳಗೆ ರೇಂಜರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಸುತ್ತ ದೊಡ್ಡಿದೊಡ್ಡಿಗಳಿಂದ ಬಂದ ಜನ, ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಕೋಲು. ವರ್ಷಕ್ಕೊಮ್ಮೆಯೂ ಒಟ್ಟಿಗೆ ಸೇರದವರು ಅವತ್ತು ಸೇರಿದ್ದರು. ಗಂಗಹನುಮಯ್ಯ ಕೈ ಮುಗಿದು ಮುಂದೆ ಹೋದ.

"ಸ್ವಾಮಿ, ಇದು ಕುರಿದೊಡ್ಡಿ ಅಲ್ಲ. ದನದ ದೊಡ್ಡಿ. ಒಂದು ಕುರೀನೂ ಇಲ್ಲ ಅಲ್ಲಿ."

ರೇಂಜರು ಗಾರ್ಡಿನ ಕಡೆ ನೋಡಿದರು. ಗಾರ್ಡು, "ಈ ಅಮ್ಮನೇ ಹೇಳಿದ್ದು ಸ್ವಾಮಿ, ಕುರಿ ಈಯುತ್ತದೆ ಅಂತ. ಎರಡು ಸಾರಿ ಹೇಳಿದರು" ಅಂದ.

"ಹೇಳಿದೆಯಾ ಅಮ್ಮ?"

"ಹೇಳ್ದೆ ಸ್ವಾಮಿ. ಅದು ಅವ್ರ ಎಸ್ರು."

"ಯಾರ ಹೆಸರು? ನಿನ್ನ ಗಂಡನ ಹೆಸರು ಕುರಿಯಾ?"

ಜನ ಗೊಳ್ಳೆಂದು ನಕ್ಕರು. ಹಿಂದಿನಿಂದ ಒಬ್ಬ, "ನಮ್ಮನೇಲಿ ಎಮ್ಮೆ ಅಂತಾಳೆ ಸ್ವಾಮಿ, ಇವ್ಳೇ ವಾಸಿ" ಅಂದ. ಇನ್ನೂ ನಗು ಹೆಚ್ಚಾಯಿತು.

"ಮರಿಯಪ್ಪ ಅಂತ ಸ್ವಾಮಿ" ಎಂದ ಗಂಗಹನುಮಯ್ಯ. "ಮರಿಯಪ್ಪನ ದೊಡ್ಡಿ. ಗಂಡನ ಎಸ್ರು ಎಂಗ್ ಹೇಳಾಳು ಎಣ್ಣೆಂಗ್ಸು?"

"ನೀನು ಸುಮ್ಮನಿರಯ್ಯ. ನಿನ್ನೆ ಮೇಲುಗಡೆ ಹೀಗೇ ಒಬ್ಬರಿಗೊಬ್ಬರು ಸಾಕ್ಷಿ ಹೇಳಿಕೊಂಡು ಮೇಕೆದೊಡ್ಡಿಯನ್ನೆಲ್ಲ ದನದ ದೊಡ್ಡಿ ಮಾಡಿದಿರಿ. ಸಂಜೆ ನಾನೇ ಆ ದಾರಿಯಲ್ಲಿ ಬಂದರೆ ಎಲ್ಲಾ ಕಡೆ ಮ್ಯಾ ಮ್ಯಾ ಅಂತಿವೆ! ಇನ್ನು ಪಕ್ಕದವನ ಮಾತು ಬೇಡ. ದೊಡ್ಡಿಯಲ್ಲಿ ಬೆಂಕಿ ಹಾಕುವವರು ಯಾರೋ ಅವರ ಬಾಯಲ್ಲೇ ಬರಬೇಕು. ದನದ ದೊಡ್ಡಿ ಅಂತ ಎಲ್ಲರೂ ಅನ್ನುತ್ತಾರೆ; ಇವರೇ ಕುರಿ ಅಂದರು, ಅದು ಬರೀ ಹೆಸರಾದರೆ ಆ ಹೆಸರು ಇವರೇ ಹೇಳಲಿ. ಹೇಳಮ್ಮ, ಯಾರ ದೊಡ್ಡಿ ಅದು?"

ಬೈರಮ್ಮ ನಿಂತಳು. ಜನ ನಗು ನಿಲ್ಲಿಸಿ ನೋಡುತ್ತಿದ್ದರು. ಅವಳ ಕಣ್ಣು ನೆಲದ ಮೇಲೆ ಬಿದ್ದಿದ್ದ ಹುಣಸೆ ಸಿಪ್ಪೆಯ ಮೇಲಿತ್ತು.

"ಹೇಳಮ್ಮ."

"ನಾಳೀಕೆ ಹೇಳ್ತೀನಿ ಸ್ವಾಮಿ."

"ಹೆಸರು ಹೇಳುವುದಕ್ಕೆ ನಾಳೆ ಯಾಕೆ? ಮರೆತುಹೋಗಿದೆಯಾ?" ಎಂದು ರೇಂಜರು ಸಿಡುಕಿದರು. ಆಮೇಲೆ ಏನನ್ನಿಸಿತೋ, "ನಾಳೆ ಊಟದ ಹೊತ್ತಿಗೆ ಚೌಕಿ ಬಿಡುತ್ತೇನೆ. ಅಷ್ಟರಲ್ಲಿ ಬಂದು ಹೇಳಿದರೆ ಸರಿ, ಇಲ್ಲದಿದ್ದರೆ ಆಳು ಕಳಿಸಿ ಬೇಲಿ ಕೀಳಿಸುತ್ತೇನೆ" ಅಂದರು.

ದಾರಿಯಲ್ಲಿ ಗಂಗಹನುಮಯ್ಯ ತನ್ನ ದೊಡ್ಡಿ ಹತ್ತಿರ ಬಂದಾಗ ಹೆಂಡತಿಯನ್ನು ಅವಳ ಜೊತೆ ಮಾಡಿ ಕಳಿಸಿದ. ಸಂಜೆ ಹಾಲು ಕರೆಯುವ ಹೊತ್ತು. ಬೈರಮ್ಮ ಮೊಣಕಾಲ ನಡುವೆ ಚೊಂಬು ಇಟ್ಟುಕೊಂಡು ಕೂತಳು. ಕಾವೇರಮ್ಮ ಕರು ಹಿಡಿದುಕೊಂಡು ನಿಂತಳು.

"ಒಂದ್ ಮಾತು ಅಂದ್ಬುಡು ಕಣೆ. ಎಲ್ಲಾರೂ ಅಂತಾರೆ, ಹೊಳೇಲಿ ಹೋದೋರು ಇನ್ನೆಲ್ಲಿ ಬಂದಾರು?"

"ಮುತ್ತತ್ತಿಯೋನು ಬಂದ್ನಲ್ಲ."

"ಅವ್ನು ದಸರಾಗೆ ಬಂದ. ಇನ್ನೇನು ಆಷಾಢ ಬತ್ತಾ ಐತೆ."

ಬೈರಮ್ಮ ಹಾಲು ಕರೆಯುತ್ತಿದ್ದಳು. ಹಾಲಿನ ಸದ್ದು ಚೊಂಬಿನಲ್ಲಿ ಗಟ್ಟಿಯಾಗಿ ಕೇಳಿ, ನೊರೆ ಏರಿದ ಹಾಗೆ ಮೆತ್ತಗಾಯಿತು.

"ಅಂದ್ರೆ ಅವ್ರ ಆಯಸ್ಸು ಹೋಯ್ತದೆ" ಅಂದಳು. "ಅನ್ನದಿದ್ರೆ ದೊಡ್ಡಿ ಹೋಯ್ತದೆ. ದೊಡ್ಡಿ ಹೋದ್ಮೇಲೆ ಬಂದ್ರೆ ಎಲ್ಲಿಗೆ ಬಂದಾರು? ಬರೀ ನೆಲ ನೋಡ್ಕಂಡು ಹೋಯ್ತಾರೆ."

ಅವಳು ಇಷ್ಟು ಮಾತು ಒಟ್ಟಿಗೆ ಆಡಿ ಹತ್ತಿರ ಹತ್ತಿರ ವರ್ಷವಾಗಿತ್ತು. ಕಾವೇರಮ್ಮ ಕರುವನ್ನು ಗೂಟಕ್ಕೆ ಕಟ್ಟಿದಳು. ಆಮೇಲೆ ಏನೋ ಹೊಳೆದ ಹಾಗೆ ಹತ್ತಿರ ಬಂದು ಕುಕ್ಕರು ಕೂತಳು.

"ಇಲ್ಲಿ ಕೇಳು. ಎಲ್ಡು ಮಾತು ಮಾಡ್ಬುಡು. 'ಮರಿ' ಅಂತ ಒಂದ್ಸಲ ಅನ್ನು. ಉಸ್ರು ಬುಡು. ಆಮ್ಯಾಕೆ 'ಅಪ್ಪ' ಅನ್ನು. ಎಲ್ಡೂ ಬ್ಯಾರೆ ಬ್ಯಾರೆ. ಮರೀನೂ ಅನ್ಬೋದು, ಅಪ್ಪಾನೂ ಅನ್ಬೋದು. ಎಸ್ರು ಹೇಳ್ದಂಗೂ ಆಗಲ್ಲ, ರೇಂಜರ್ ಕಿವೀಗೂ ಬೀಳ್ತದೆ."

ಬೈರಮ್ಮ ಯೋಚಿಸಿದಳು. ಆಗಬಹುದು ಅನ್ನಿಸಿತು. ಅನ್ನಿಸಿದರೂ ಸಮಾಧಾನವೇನೂ ಆಗಲಿಲ್ಲ.

ಬೆಳಗಾದ ಮೇಲೆ ದನ ಬಿಟ್ಟು ಚೌಕಿಗೆ ಹೋದಳು. ಗಂಗಹನುಮಯ್ಯ ಮುಂದೆ ಮುಂದೆ, ಅವಳು ಹಿಂದೆ. ರಾತ್ರಿ ಸುರಿದ ಹನಿಗೆ ನೆಲ ಮೆತ್ತಗಾಗಿತ್ತು, ಆನೆ ಹೆಜ್ಜೆಯಲ್ಲಿ ನೀರು ನಿಂತಿತ್ತು. ಚೌಕಿಯಲ್ಲಿ ಸಾಮಾನು ಕಟ್ಟುತ್ತಿದ್ದರು. ರೇಂಜರು ಕಾಲಿಗೆ ಬಟ್ಟೆಯ ಪಟ್ಟಿ ಸುತ್ತಿಕೊಳ್ಳುತ್ತಾ ತಲೆ ಎತ್ತಿದರು.

"ಬಂದೆಯಾ? ಜ್ಞಾಪಕ ಬಂತೇನಮ್ಮ?"

ನಿನ್ನೆಯ ಜನ ಅರ್ಧಕ್ಕರ್ಧ ಅಲ್ಲೇ ಇದ್ದರು. ಇದನ್ನು ನೋಡದೆ ಹೋಗಲು ಅವರಿಗೆ ಮನಸ್ಸಿರಲಿಲ್ಲ. ಬೈರಮ್ಮ ಮುಂದೆ ಬಂದು ನಿಂತಳು.

"ಮರಿ" ಅಂದಳು.

ಕಾವೇರಮ್ಮ ಹೇಳಿಕೊಟ್ಟ ಹಾಗೆ ಉಸಿರು ಬಿಟ್ಟಳು.

"ಮರಿ! ನೋಡಿದೆಯಾ?" ಎಂದು ರೇಂಜರು ಗಂಗಹನುಮಯ್ಯನ ಕಡೆ ತಿರುಗಿದರು. "ನಿನ್ನೆ ಕುರಿ ಈಯಿತು, ಇವತ್ತು ಮರಿಯೂ ಆಗಿದೆ. ಯಾವ ಮರಿಯಮ್ಮ, ಕುರಿಮರಿಯೋ ಮೇಕೆಮರಿಯೋ?"

"ಅಪ್ಪ" ಎಂದಳು ಬೈರಮ್ಮ. ಆ ಮಾತು ನಗುವಿನಲ್ಲಿ ಕೊಚ್ಚಿಹೋಯಿತು. ಕೇಳಿದವರಿಗೆ ಅವಳು ಅಪ್ಪಾ ಅಂತ ಅಂಗಲಾಚುತ್ತಿದ್ದಾಳೆ ಅನ್ನಿಸಿತು. ರೇಂಜರಿಗೂ ಹಾಗೇ ಅನ್ನಿಸಿರಬೇಕು.

"ಅಪ್ಪ ಅಣ್ಣ ಅಂದರೆ ಆಗುವುದಿಲ್ಲಮ್ಮ. ಮರಿ ಇದ್ದರೂ ಅದೇ ಕಾನೂನು." ಗಾರ್ಡಿನ ಕಡೆ ನೋಡಿ, "ಇಬ್ಬರು ಆಳು ಕರೆದುಕೊಂಡು ಹೋಗು" ಅಂದರು.

ಗಾರ್ಡು ಕೊಡಲಿ ಎತ್ತಿಕೊಂಡ. ಗಂಗಹನುಮಯ್ಯ ಏನೋ ಹೇಳಲು ಹೋದ. ಅಷ್ಟರಲ್ಲಿ ಬೈರಮ್ಮ ಹೇಳಿದಳು.

"ಮರಿಯಪ್ಪ."

ಸಣ್ಣ ದನಿ. ಹತ್ತಿರ ನಿಂತವರಿಗೆ ಮಾತ್ರ ಕೇಳಿಸಿತು.

"ಏನಂದೆ?"

"ಮರಿಯಪ್ಪ. ಮರಿಯಪ್ಪನ ದೊಡ್ಡಿ."

ನಿನ್ನೆ ಎಮ್ಮೆಯ ಮಾತು ಆಡಿದ್ದವನು ತಲೆಯ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ರೇಂಜರು ಸುತ್ತುತ್ತಿದ್ದ ಪಟ್ಟಿಯನ್ನು ಅಲ್ಲಿಗೇ ಬಿಟ್ಟರು. ಈ ಸಲ ಅವರ ದನಿ ಇಳಿದಿತ್ತು.

"ಎಲ್ಲಿದ್ದಾನಮ್ಮ ಮರಿಯಪ್ಪ?"

"ಹೊಳೇಲಿ ಹೋದ್ರು."

"ಯಾವಾಗ?"

"ದೊಡ್ಡ ಹೊಳೇಲಿ."

ಅವಳು ಆ ಮಾತನ್ನು ಆವರೆಗೆ ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆಲ್ಲ 'ಹೋಗವ್ರೆ' ಅನ್ನುತ್ತಿದ್ದಳು, ಸಂತೆಗೆ ಹೋದವರನ್ನು ಅನ್ನುವ ಹಾಗೆ.

ರೇಂಜರು, "ದನದ ದೊಡ್ಡಿ. ಇರಲಿ. ಹೋಗಮ್ಮ" ಅಂದರು. ಗಾರ್ಡು ಕೊಡಲಿ ಕೆಳಗಿಟ್ಟ.

ವಾಪಸ್ಸು ಬರುವಾಗ ಗಂಗಹನುಮಯ್ಯ ಬಹಳ ದೂರ ಮುಂದೆ ನಡೆದು, ನಿಂತು, ಅವಳು ಹತ್ತಿರ ಬರುವವರೆಗೆ ಕಾದು ಕೇಳಿದ.

"ಏನಾರ ಆಯ್ತೇನಮ್ಮಿ?"

"ಏನೂ ಆಗ್ನಿಲ್ಲ ಮಾವ."

ನಿಜವಾಗಿಯೂ ಏನೂ ಆಗಿರಲಿಲ್ಲ. ಹೊಳೆ ಬೇಸಿಗೆಯ ಹೊಳೆ, ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಒಂದು ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಾ ಕೂತಿತ್ತು. ಅಷ್ಟು ವರ್ಷ ಬಾಯೊಳಗೆ ಹಿಡಿದಿಟ್ಟದ್ದನ್ನು ಜನರ ಮುಂದೆ ಆಡಿದರೆ ಗುಡುಗು ಮಿಂಚೇನೂ ಬರಲಿಲ್ಲ, ಎದೆ ಒಡೆಯಲಿಲ್ಲ. ಬಾಯಿ ಒಣಗಿತ್ತು ಅಷ್ಟೆ. ಬೊಗಸೆಯಲ್ಲಿ ನೀರು ಕುಡಿದಳು.

ಕವಲುದಾರಿಯಲ್ಲಿ ಗಂಗಹನುಮಯ್ಯ ತಡೆದು ತಡೆದು ಹೇಳಿದ, "ಮರಿಯಪ್ಪನ ಕಾರ್ಯ ಮಾಡ್ಬುಡಾನಾ? ಹೊಳೆ ತುಂಬೋದ್ರೊಳಗೆ?"

"ಮಾಡಾನ."

ಅವನು ಮೂರು ನಾಲ್ಕು ಮಾತು ಸಿದ್ಧ ಮಾಡಿಕೊಂಡಿದ್ದ, ಅವಳನ್ನು ಒಪ್ಪಿಸಲು. ಒಂದೂ ಬೇಕಾಗಲಿಲ್ಲ.

"ಅವತ್ತು ದನ ಯಾರು ನೋಡ್ಕಂತಾರೆ?" ಅಂತ ಅವಳೇ ಕೇಳಿದಳು.

ದೊಡ್ಡಿ ಉಳಿಯಿತು. ಬೈರಮ್ಮ ಅದರಲ್ಲೇ ಬಾಳಿದಳು, ತಲೆ ಪೂರಾ ಹಣ್ಣಾಗುವವರೆಗೆ. ಮುಂದೆ ಅಲ್ಲಿ ಗುಡಿಸಲು ಎರಡಾಯಿತು, ನಾಲ್ಕಾಯಿತು, ಬೇಲಿಯ ಮುಳ್ಳು ಹೋಗಿ ಮಣ್ಣುಗೋಡೆ ಬಂತು, ದನಕ್ಕಿಂತ ಜನ ಹೆಚ್ಚಾದರು. ಹೊಸದಾಗಿ ಬಂದವರು ಅವಳನ್ನು ಗಟ್ಟಿ ಹೆಂಗಸು ಅನ್ನುತ್ತಿದ್ದರು, ಕಲ್ಲೆದೆ ಅಂತಲೂ ಅನ್ನುತ್ತಿದ್ದರು. ಅವಳಿಗೆ ಎರಡೂ ಕೇಳಿಸುತ್ತಿತ್ತು.

ಕಾರ್ಯ ನಡೆದದ್ದು ಚೌಕಿಗೆ ಹೋಗಿಬಂದ ಆ ವಾರದಲ್ಲೇ. ಹುಣಸನಹಳ್ಳಿಯಿಂದ ಗಂಡನ ಕಡೆಯವರು ಒಂದಿಬ್ಬರು ಬಂದಿದ್ದರು. ದಾಸಪ್ಪ ಅನ್ನುವ ದಾಸಯ್ಯ ಶಂಖ, ಜಾಗಟೆ ಹೊತ್ತು ಬಂದ. ಹೆಣವಿಲ್ಲದ್ದರಿಂದ ಹುಲ್ಲಿನಲ್ಲಿ ಆಳಿನ ಹಾಗೆ ಒಂದನ್ನು ಕಟ್ಟಿ ಹೊಳೆದಂಡೆಯ ಮರಳಿನ ಮೇಲೆ ಮಲಗಿಸಿದರು. ಕಟ್ಟುವವನು ಕಾಲು ಗಿಡ್ಡ ಮಾಡಿದ್ದ. ಮರಿಯಪ್ಪ ಉದ್ದನೆಯ ಆಳು. ಬೈರಮ್ಮ ನೋಡಿದಳು, ಹೇಳಬೇಕೆನ್ನಿಸಲಿಲ್ಲ. ಕಾವೇರಮ್ಮನೇ ಅವಳ ಕೈ ಹಿಡಿದು ಬಳೆ ಒಡೆದಳು, ಅಳುತ್ತಾ ಒಡೆದಳು. ಚೂರು ತಾಕಿ ಮಣಿಕಟ್ಟಿನಲ್ಲಿ ರಕ್ತ ಬಂತು. ಬೈರಮ್ಮ ಅದನ್ನು ಸೆರಗಿನಿಂದ ಒತ್ತಿಕೊಂಡು ಕೂತಳು.

ದಾಸಪ್ಪ ಶಂಖ ಊದಿ, ನೀರು ಬಿಡುವ ಮುಂಚೆ ಕೇಳಿದ, "ಯಾರ ಎಸ್ರಲ್ಲಿ?"

ಕಾವೇರಮ್ಮ ಮೂಗು ಒರೆಸಿಕೊಂಡು, ಅವಳ ಬದಲಿಗೆ ತಾನು ಹೇಳೋಣವೆಂದು ಬಾಯಿ ತೆರೆದಳು.

"ಮರಿಯಪ್ಪ" ಎಂದಳು ಬೈರಮ್ಮ.

ದಾಸಪ್ಪ ಹೊಸಬನಲ್ಲ, ಈ ಸೀಮೆಯವನೇ. ಹೆಂಡತಿಯ ಬಾಯಿಂದ ಅದನ್ನು ಕೇಳಿ ಅವನ ಕೈಯ ಚೊಂಬು ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ನೀರು ಬಿಟ್ಟ. ಹುಲ್ಲಿನ ಆಳಿಗೆ ಬೆಂಕಿ ಇಟ್ಟರು. ಹಸಿ ಇತ್ತೇನೋ, ಉರಿ ಹತ್ತದೆ ಹೊಗೆಯೇ ಹೆಚ್ಚಾಯಿತು, ಎಲ್ಲರೂ ಕಣ್ಣು ಒರೆಸಿಕೊಂಡು ದೂರ ಸರಿದರು. ಬಿಸಿಲು ನೆತ್ತಿಗೆ ಬಂದಿತ್ತು. ದನಗಳು ಇನ್ನೂ ಬೇಲಿಯೊಳಗೇ ಇದ್ದವು, ಹಸಿದು ಕೂಗುತ್ತಿದ್ದದ್ದು ಹೊಳೆಯವರೆಗೆ ಕೇಳುತ್ತಿತ್ತು. ಬೈರಮ್ಮ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ದಿಣ್ಣೆ ಹತ್ತಿ ಅವನ್ನು ಬಿಡಲು ಹೋದಳು.